ಯಾವ ಅನುಮಾನಕ್ಕೆ ಯಾವ ಸ್ಕ್ಯಾನಿಂಗ್?

ಕಾಯಿಲೆ ಏನೆಂದು ಗೊತ್ತಾಗದಿದ್ದಾಗ ಮನೆಯವರ ಬಾಯಿಗೆ ಮೊದಲು ಬರುವ ಮಾತು, ‘ಒಂದು ಸ್ಕ್ಯಾನಿಂಗ್ ಮಾಡಿಸಿಬಿಡೋಣ’ ಎಂಬುದು. ಅದರ ಬೆನ್ನಿಗೇ ಇನ್ನೊಂದು: ‘ಎಕ್ಸ್‌ರೇ ಸಾಲದು, ಎಂಆರ್‌ಐ ಆದರೆ ಎಲ್ಲ ಗೊತ್ತಾಗುತ್ತೆ.’ ಕೆಳಗೆ ಎಕ್ಸ್‌ರೇ, ಅದರ ಮೇಲೆ ಅಲ್ಟ್ರಾಸೌಂಡ್, ಆಮೇಲೆ ಸಿ.ಟಿ., ಎಂಆರ್‌ಐ, ತುದಿಯಲ್ಲಿ ಪೆಟ್ ಸ್ಕ್ಯಾನ್ ಎಂದು ಬೆಲೆ ನೋಡಿ ಮೆಟ್ಟಿಲು ಕಟ್ಟಿಕೊಂಡಿದ್ದೇವೆ. ಮೇಲೆ ಹತ್ತಿದಷ್ಟೂ ಕಾಯಿಲೆ ನಿಚ್ಚಳವಾಗಿ ಕಾಣುತ್ತದೆ ಎಂದು ನಂಬಿದ್ದೇವೆ. ಈ ನಂಬಿಕೆ ತಪ್ಪು, ಅದರಿಂದ ದುಡ್ಡಿಗಿಂತ ದೊಡ್ಡ ನಷ್ಟವೂ ಆಗುತ್ತದೆ ಎಂಬುದು ನನ್ನ ವಾದ. ಯಾವ ಯಂತ್ರವೂ ಕಾಯಿಲೆಯ ಹೆಸರು ಹೇಳುವುದಿಲ್ಲ. ವೈದ್ಯರು ಕೇಳಿದ ಪ್ರಶ್ನೆಗೆ, ಅದೂ ತನಗೆ ಕಾಣುವ ಮಟ್ಟಿಗೆ, ಉತ್ತರ ಕೊಡುತ್ತದೆ ಅಷ್ಟೇ. ಹಾಗಾಗಿ ಮೊದಲು ಪ್ರಶ್ನೆ ಗೊತ್ತಾಗಬೇಕು. ಯಂತ್ರದ ಆಯ್ಕೆ ಆಮೇಲಿನದು.

ಒಂದೊಂದು ಯಂತ್ರ ನೋಡುವುದೇ ಬೇರೆ ಬೇರೆ ಸಂಗತಿಯನ್ನು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್‌ರೇ ದೇಹದೊಳಗಿನ ಸಾಂದ್ರತೆಯ ವ್ಯತ್ಯಾಸವನ್ನು ನೆರಳಾಗಿ ತೋರಿಸುತ್ತದೆ; ಮೂಳೆ ಮತ್ತು ಗಾಳಿ ತುಂಬಿದ ಶ್ವಾಸಕೋಶ ಅದಕ್ಕೆ ಚೆನ್ನಾಗಿ ಕಾಣುತ್ತವೆ, ಮೆತ್ತಗಿನ ಅಂಗಗಳೆಲ್ಲ ಒಂದೇ ಬೂದುಬಣ್ಣದಲ್ಲಿ ಕಲೆಸಿಹೋಗುತ್ತವೆ. ಹೌನ್ಸ್‌ಫೀಲ್ಡ್ ರೂಪಿಸಿ 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಸಿದ ಸಿ.ಟಿ. ಅದೇ ಕಿರಣವನ್ನು ದೇಹದ ಸುತ್ತ ತಿರುಗಿಸಿ ತೆಳ್ಳನೆಯ ಪದರಗಳ ಚಿತ್ರ ಕೊಡುತ್ತದೆ. ಹೊಸದಾಗಿ ಸುರಿದ ರಕ್ತ, ಮೂಳೆಯ ಬಿರುಕು, ಕರುಳು ತೂತಾಗಿ ಹೊರಬಂದ ಗಾಳಿ ಇವನ್ನೆಲ್ಲ ಅದು ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ. ಅಲ್ಟ್ರಾಸೌಂಡ್ ಶಬ್ದದ ಪ್ರತಿಧ್ವನಿಯಿಂದ ನೋಡುವಂಥದ್ದು. ನೀರು ತುಂಬಿದ ಜಾಗಗಳು, ಪಿತ್ತಕೋಶ, ಗರ್ಭಕೋಶ, ಹರಿಯುವ ರಕ್ತ ಅದರ ಕ್ಷೇತ್ರ. ಗಾಳಿ ಮತ್ತು ಮೂಳೆಯನ್ನು ದಾಟಿ ಅದಕ್ಕೆ ಒಳಗೆ ನೋಡಲಾಗದು. ಎಂಆರ್‌ಐ ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಕಾಂತಕ್ಷೇತ್ರದಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಓದುತ್ತದೆ. ಮಿದುಳು, ಬೆನ್ನುಹುರಿ, ಅಸ್ಥಿಮಜ್ಜೆ, ಮಂಡಿಯ ಲಿಗಮೆಂಟುಗಳಿಗೆ ಅದಕ್ಕಿಂತ ಒಳ್ಳೆಯ ಕಣ್ಣಿಲ್ಲ. ಪಿತ್ತಕೋಶದ ಕಲ್ಲನ್ನೇ ತೆಗೆದುಕೊಳ್ಳಿ. ಬಲ ಪಕ್ಕೆಯ ಕೆಳಗೆ, ಊಟವಾದ ಮೇಲೆ ಏಳುವ ನೋವಿಗೆ ಮೊದಲು ಮಾಡಿಸಬೇಕಾದ್ದು ಅಲ್ಟ್ರಾಸೌಂಡ್. ಕೊಲೆಸ್ಟರಾಲಿನಿಂದಾದ ಎಷ್ಟೋ ಕಲ್ಲುಗಳ ಸಾಂದ್ರತೆ ಸುತ್ತಲಿನ ಪಿತ್ತರಸದಷ್ಟೇ ಇರುವುದರಿಂದ, ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ಸಿ.ಟಿ.ಯಲ್ಲಿ ಸುಮಾರು ಐದರಲ್ಲೊಂದು ಕಲ್ಲು ಕಾಣದೇ ಹೋಗಬಹುದು. ಬೆಲೆಯ ಮೆಟ್ಟಿಲು ಇಲ್ಲಿಯೇ ಮುರಿದುಬೀಳುತ್ತದೆ.

ಲಕ್ವ ಹೊಡೆದಾಗ ನಡೆಯುವುದು ಇದಕ್ಕಿಂತಲೂ ಯೋಚಿಸಬೇಕಾದ ಸಂಗತಿ. ಮಾತು ತೊದಲಿ, ಬಾಯಿ ಒಂದು ಕಡೆಗೆ ಎಳೆದು, ಕೈ ಸೋತ ರೋಗಿಯಲ್ಲಿ ರಕ್ತನಾಳ ಕಟ್ಟಿಕೊಂಡಿರಬಹುದು ಅಥವಾ ಒಡೆದಿರಬಹುದು. ಕಟ್ಟಿಕೊಂಡದ್ದನ್ನು ಮೊದಲ ಗಂಟೆಗಳಲ್ಲಿಯೇ ತೋರಿಸುವ ಸಾಮರ್ಥ್ಯ ಎಂಆರ್‌ಐಗೆ ಹೆಚ್ಚು; ಸಿ.ಟಿ. ಆ ಹೊತ್ತಿನಲ್ಲಿ ಬಹಳ ಸಲ ನಾರ್ಮಲ್ ಆಗಿಯೇ ಕಾಣುತ್ತದೆ. ಆದರೂ ಜಗತ್ತಿನ ಬಹುತೇಕ ಆಸ್ಪತ್ರೆಗಳಲ್ಲಿ ಮೊದಲು ಮಾಡುವುದು ಸಿ.ಟಿ.ಯನ್ನೇ. ಏಕೆಂದರೆ ಆ ಗಳಿಗೆಯಲ್ಲಿ ವೈದ್ಯರಿಗೆ ಬೇಕಾದ ಉತ್ತರ ‘ಲಕ್ವ ಹೌದೋ ಅಲ್ಲವೋ’ ಎಂಬುದಲ್ಲ, ಅದು ಲಕ್ಷಣಗಳಿಂದಲೇ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ಅವರಿಗೆ ಬೇಕಾದ್ದು ‘ರಕ್ತಸ್ರಾವ ಇದೆಯೋ ಇಲ್ಲವೋ’. ಇಲ್ಲವೆಂದಾದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ರಕ್ತಸ್ರಾವವಾಗಿದ್ದಾಗ ಅದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು. ಈ ಒಂದು ಪ್ರಶ್ನೆಗೆ ಸಿ.ಟಿ. ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ದೊಡ್ಡ ರಕ್ತನಾಳ ಕಟ್ಟಿಕೊಂಡ ಲಕ್ವದಲ್ಲಿ ಚಿಕಿತ್ಸೆ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜು ಗೊತ್ತಿದ್ದವರು ಎಂಆರ್‌ಐಗಾಗಿ ಕಾಯುವುದಿಲ್ಲ. ಆದ್ದರಿಂದ ಇಂಥ ರೋಗಿಯನ್ನು ಬರೀ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ಯಬೇಡಿ. ಇಪ್ಪತ್ನಾಲ್ಕು ಗಂಟೆ ಸಿ.ಟಿ. ಇರುವ, ಇಂಜೆಕ್ಷನ್ ಕೊಡಬಲ್ಲ ಆಸ್ಪತ್ರೆಗೆ ನೇರ ಹೋಗಿ. ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ತಲೆ ತಿರುಗುವುದು, ಎರಡೆರಡು ಕಾಣುವುದು, ನಡೆಯುವಾಗ ವಾಲುವುದು ಒಟ್ಟಿಗೆ ಬಂದಾಗ ತೊಂದರೆ ಮಿದುಳಿನ ಹಿಂಭಾಗದಲ್ಲಿರಬಹುದು. ಆ ಭಾಗ ಸಿ.ಟಿ.ಗೆ ಸರಿಯಾಗಿ ಕಾಣುವುದಿಲ್ಲ, ಅಲ್ಲಿ ಎಂಆರ್‌ಐಯೇ ಬೇಕು. ಎರಡೂ ಮಿದುಳಿನ ಕಾಯಿಲೆಯೇ, ಪ್ರಶ್ನೆ ಬದಲಾದಾಗ ಪರೀಕ್ಷೆಯೂ ಬದಲಾಯಿತು.

ಬೆನ್ನುನೋವಿನ ವಿಷಯದಲ್ಲಿ ಈ ತಪ್ಪು ನಂಬಿಕೆ ಮಾಡುವ ಹಾನಿ ಎದ್ದುಕಾಣುತ್ತದೆ. ಬೆನ್ನಿನ ಎಂಆರ್‌ಐ ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’, ‘ಡೀಜನರೇಶನ್’ ಎಂದು ಓದಿದ ಮನುಷ್ಯ ತನ್ನ ಬೆನ್ನೆಲುಬು ಸವೆದುಹೋಗಿದೆ ಎಂದೇ ತಿಳಿಯುತ್ತಾನೆ. ಬಗ್ಗಲು, ಭಾರ ಎತ್ತಲು ಹೆದರುತ್ತಾನೆ. ಯಾವ ಬೆನ್ನುನೋವೂ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ 33 ಅಧ್ಯಯನಗಳ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ನೋವೇ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲೂ ಶೇ. 37 ಮಂದಿಯ ಡಿಸ್ಕುಗಳು ಸವೆದಿದ್ದವು, ಶೇ. 30 ಮಂದಿಯಲ್ಲಿ ಉಬ್ಬಿದ್ದವು. ಎಂಬತ್ತರ ವಯಸ್ಸಿನವರಲ್ಲಿ ಈ ಪ್ರಮಾಣ ಶೇ. 96 ಮತ್ತು ಶೇ. 84. ಅಂದರೆ ಚಿತ್ರದಲ್ಲಿ ಕಂಡದ್ದು ನೋವಿನ ಕಾರಣವೇ ಆಗಬೇಕೆಂದಿಲ್ಲ, ಬಹಳ ಸಲ ಅದು ತಲೆಗೂದಲು ನರೆತ ಹಾಗೆ. ಸಾಮಾನ್ಯ ಬೆನ್ನುನೋವು ಹೆಚ್ಚಿನವರಲ್ಲಿ ಆರು ವಾರಗಳೊಳಗೆ ತಗ್ಗುತ್ತದೆ; ಅಲ್ಲಿಯವರೆಗೆ ಯಾವ ಚಿತ್ರವೂ ಚಿಕಿತ್ಸೆಯನ್ನು ಬದಲಿಸುವುದಿಲ್ಲ. ಆದರೆ ಮೂತ್ರ ಕಟ್ಟಿಕೊಂಡರೆ, ಗುಹ್ಯಭಾಗದ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಎಂಆರ್‌ಐ ಆಗಬೇಕು. ಹಿಂದೆ ಕ್ಯಾನ್ಸರ್ ಇದ್ದವರು, ಜ್ವರ, ರಾತ್ರಿ ಬೆವರು, ತೂಕ ಇಳಿತದ ಜೊತೆ ಬೆನ್ನುನೋವು ಇರುವವರು ಕೂಡ ಕಾಯಬಾರದು. ನಮ್ಮಲ್ಲಿ ಬೆನ್ನೆಲುಬಿನ ಟಿಬಿ ಇನ್ನೂ ಇದೆ. ಮೂಳೆಯ ಸುಣ್ಣದ ಅಂಶ ಮೂರರಲ್ಲೊಂದು ಭಾಗದಷ್ಟಾದರೂ ಕರಗುವವರೆಗೆ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಬಹಳ ಮೊದಲೇ ಕಾಣುತ್ತದೆ. ‘ಎಕ್ಸ್‌ರೇ ನಾರ್ಮಲ್’ ಎಂದು ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗುತ್ತ ಕೂತವರು ಕೊನೆಗೆ ಕಾಲು ಸೋತು ಬರುವುದುಂಟು. ಬೇಡದವರಿಗೆ ಎಂಆರ್‌ಐ, ಬೇಕಾದವರಿಗೆ ಎಕ್ಸ್‌ರೇ ಎಂಬ ಈ ಅದಲುಬದಲು ನನಗೆ ತೀರ ಸಂಕಟ ತರುವ ವಿಷಯ.

ಅನುಮಾನ ಗಟ್ಟಿಯಾಗಿರಬೇಕು ಎಂದು ವೈದ್ಯಶಾಸ್ತ್ರ ಒತ್ತಿ ಹೇಳುವುದಕ್ಕೆ ಸರಳ ಲೆಕ್ಕವೊಂದಿದೆ. ನೂರು ರೋಗಿಗಳಲ್ಲಿ ತೊಂಬತ್ತು ಮಂದಿಯ ಕಾಯಿಲೆಯನ್ನು ಹಿಡಿಯುವ, ನೂರು ಆರೋಗ್ಯವಂತರಲ್ಲಿ ತೊಂಬತ್ತು ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುವ ಪರೀಕ್ಷೆಯೊಂದಿದೆ ಎನ್ನೋಣ. ಲಕ್ಷಣ ನೋಡಿ, ಮುಟ್ಟಿ, ವಿಚಾರಿಸಿ ಆರಿಸಿದ 1,000 ಜನರಲ್ಲಿ 500 ಮಂದಿಗೆ ನಿಜವಾಗಿಯೂ ಆ ಕಾಯಿಲೆ ಇದ್ದರೆ, ಪರೀಕ್ಷೆ 450 ರೋಗಿಗಳನ್ನು ಹಿಡಿಯುತ್ತದೆ, 50 ಆರೋಗ್ಯವಂತರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ‘ಇದೆ’ ಎಂದು ಬಂದರೆ ಹತ್ತರಲ್ಲಿ ಒಂಬತ್ತು ಸಲ ನಂಬಬಹುದು. ಅದೇ ಪರೀಕ್ಷೆಯನ್ನು ಯಾವ ಲಕ್ಷಣವೂ ಇಲ್ಲದ 1,000 ಜನರಿಗೆ ಮಾಡಿ, ಅವರಲ್ಲಿ 10 ಮಂದಿಗೆ ಮಾತ್ರ ಕಾಯಿಲೆ ಇದ್ದರೆ, ಹಿಡಿಯುವುದು 9 ರೋಗಿಗಳನ್ನು, ಸುಮ್ಮನೆ ಹೆದರಿಸುವುದು 99 ಆರೋಗ್ಯವಂತರನ್ನು. ಯಂತ್ರ ಅದೇ, ಫಿಲಂ ಅದೇ, ಓದುವ ರೇಡಿಯಾಲಜಿಸ್ಟ್ ಅವರೇ. ಅದರ ಮಾತಿನ ತೂಕ ಮಾತ್ರ ಹತ್ತರಲ್ಲೊಂದಕ್ಕಿಂತ ಕೆಳಗೆ ಬಿತ್ತು. ರೋಗಿಯನ್ನು ವಿಚಾರಿಸಿ, ಹೊಟ್ಟೆ ಒತ್ತಿ ನೋಡಿ ವೈದ್ಯರು ಕಳೆಯುವ ಹತ್ತು ನಿಮಿಷ ಸ್ಕ್ಯಾನಿಂಗ್‌ನ ನಿಖರತೆಯನ್ನೇ ಹೆಚ್ಚಿಸುತ್ತದೆ ಎಂಬುದು ಇದರ ಅರ್ಥ.

ದಕ್ಷಿಣ ಕೊರಿಯಾದಲ್ಲಿ ಇಡೀ ದೇಶವೇ ಈ ಲೆಕ್ಕವನ್ನು ಅನುಭವಿಸಿತು. ಅಲ್ಲಿ ಆರೋಗ್ಯ ತಪಾಸಣೆಯ ಜೊತೆ ಕುತ್ತಿಗೆಯ ಅಲ್ಟ್ರಾಸೌಂಡ್ ಸುಲಭವಾಗಿ ಸಿಗತೊಡಗಿದ ಮೇಲೆ, 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಹದಿನೈದು ಪಟ್ಟು ಏರಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಂತೆಯೇ ಇತ್ತು. ಜೀವನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಪುಟ್ಟ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು, ಬದುಕಿನುದ್ದಕ್ಕೂ ಗುಳಿಗೆಗೆ ಕಟ್ಟುಬಿದ್ದರು. ಊರೂರಲ್ಲಿ ಈಗ ಸಿಗುವ ‘ಫುಲ್ ಬಾಡಿ’ ಪ್ಯಾಕೇಜುಗಳನ್ನು ಹಬ್ಬದ ಉಡುಗೊರೆಯಂತೆ ತಂದೆತಾಯಿಗೆ ಕೊಡಿಸುವ ಮೊದಲು ಈ ಸಂಗತಿಯನ್ನು ನೆನೆಯಬೇಕು. ಪೆಟ್ ಸ್ಕ್ಯಾನ್ ಬಗ್ಗೆಯೂ ಹೀಗೆಯೇ. ಸಕ್ಕರೆಯನ್ನು ಹೆಚ್ಚು ಹೀರುವ ಜೀವಕೋಶಗಳು ಅದರಲ್ಲಿ ಬೆಳಗುತ್ತವೆ. ಕ್ಯಾನ್ಸರ್ ಬೆಳಗುತ್ತದೆ ನಿಜ, ಟಿಬಿಯ ಗಡ್ಡೆಯೂ ಅಷ್ಟೇ ಜೋರಾಗಿ ಬೆಳಗುತ್ತದೆ. ಟಿಬಿ ಹೆಚ್ಚಿರುವ ನಮ್ಮ ದೇಶದಲ್ಲಿ, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸದೆ ಪೆಟ್ ಚಿತ್ರ ನೋಡಿ ‘ಕ್ಯಾನ್ಸರ್’ ಎಂದು ತೀರ್ಮಾನಿಸುವುದು ಅಪಾಯ.

‘ತಪ್ಪು ಎಚ್ಚರಿಕೆ ಬಂದರೂ ಬರಲಿ, ನಿಜವಾದ ಕಾಯಿಲೆ ತಪ್ಪಿಹೋಗಬಾರದಲ್ಲ?’ ಎಂಬ ಆಕ್ಷೇಪ ಸಹಜವಾದದ್ದು, ಪ್ರೀತಿಯಿಂದ ಬಂದದ್ದು. ಆದರೆ ಸರಳ ಪರೀಕ್ಷೆಯಿಂದ ಶುರುಮಾಡಿದರೆ ಕಾಯಿಲೆ ತಪ್ಪುತ್ತದೆ ಎಂಬ ಊಹೆಯನ್ನು ಪ್ರಯೋಗಕ್ಕೆ ಒಡ್ಡಿ ನೋಡಿದ್ದಾರೆ. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ಕಿಡ್ನಿ ಕಲ್ಲಿನ ನೋವೆಂದು ಅಮೆರಿಕದ 15 ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ 2,759 ಜನರಲ್ಲಿ ಕೆಲವರಿಗೆ ಮೊದಲು ಅಲ್ಟ್ರಾಸೌಂಡ್, ಕೆಲವರಿಗೆ ಮೊದಲು ಸಿ.ಟಿ. ಮಾಡಿದ ಅಧ್ಯಯನ 2014ರಲ್ಲಿ ಹೊರಬಂತು. ಕಲ್ಲು ಹಿಡಿಯುವುದರಲ್ಲಿ ಸಿ.ಟಿ. ಮುಂದಿದ್ದರೂ, ಅಲ್ಟ್ರಾಸೌಂಡಿನಿಂದ ಶುರುವಾದವರಲ್ಲಿ ಗಂಭೀರ ಕಾಯಿಲೆ ತಪ್ಪಿಹೋದದ್ದು ಹೆಚ್ಚಾಗಲಿಲ್ಲ, ಅವರ ದೇಹಕ್ಕೆ ಬಿದ್ದ ವಿಕಿರಣ ಕಡಿಮೆಯಾಯಿತು. ಅವರಲ್ಲಿ ಹಲವರಿಗೆ ಆಮೇಲೆ ಸಿ.ಟಿ. ಬೇಕಾಯಿತು, ಬೇಕೆಂದು ಗೊತ್ತಾದ ಮೇಲೆ ಮಾಡಿದರು. ಮಕ್ಕಳ ಅಪೆಂಡಿಸೈಟಿಸ್ ಅನುಮಾನದಲ್ಲೂ ಇದೇ ಕ್ರಮ: ಮೊದಲು ಅಲ್ಟ್ರಾಸೌಂಡ್, ಅದು ಸ್ಪಷ್ಟವಾಗದಿದ್ದರೆ ಮುಂದಿನದು. ಶ್ವಾಸಕೋಶಕ್ಕೆ ಹೆಪ್ಪುಗಟ್ಟಿದ ರಕ್ತ ಹೋಗಿರಬಹುದೆಂಬ ಅನುಮಾನ ಲಕ್ಷಣಗಳ ಪ್ರಕಾರ ಅಷ್ಟು ಬಲವಾಗಿಲ್ಲದಿದ್ದರೆ, ಡಿ-ಡೈಮರ್ ಎಂಬ ರಕ್ತಪರೀಕ್ಷೆ ನಾರ್ಮಲ್ ಬಂದಾಗ ಸಿ.ಟಿ. ಆಂಜಿಯೋಗ್ರಾಮೇ ಬೇಕಾಗುವುದಿಲ್ಲ.

ಇನ್ನೊಂದು ಆಕ್ಷೇಪ ವೈದ್ಯರ ಕಡೆಯಿಂದ ಬರುತ್ತದೆ. ಹೊರಗೆ ನೂರು ಜನರ ಸಾಲು, ಒಬ್ಬರಿಗೆ ಐದು ನಿಮಿಷವೂ ಸಿಗದು, ಏನಾದರೂ ತಪ್ಪಿದರೆ ಕೋರ್ಟು, ಇಲ್ಲವೆ ಬಾಗಿಲಲ್ಲಿ ಗಲಾಟೆ. ಸ್ಕ್ಯಾನಿಂಗ್ ಬರೆದುಬಿಟ್ಟರೆ ರಕ್ಷಣೆ. ಈ ಕಷ್ಟ ನಿಜ. ಅದಕ್ಕೆ ಬಲವಾದ ಉತ್ತರವೆಂದರೆ ಬರೆದಿಟ್ಟ ನಿಯಮಗಳು. ಬ್ರಿಟನ್ನಿನ ರೇಡಿಯಾಲಜಿಸ್ಟರ ಕಾಲೇಜು 1989ರಿಂದ, ಅಮೆರಿಕದ ಕಾಲೇಜು 1990ರ ದಶಕದಿಂದ ಯಾವ ಲಕ್ಷಣಕ್ಕೆ ಯಾವ ಚಿತ್ರ ಸೂಕ್ತ ಎಂದು ಪುರಾವೆ ಸಹಿತ ಪ್ರಕಟಿಸುತ್ತ ಬಂದಿವೆ. 1992ರಲ್ಲಿ ಕೆನಡಾದಲ್ಲಿ ರೂಪುಗೊಂಡ ಒಟ್ಟಾವಾ ನಿಯಮದ ಪ್ರಕಾರ, ಉಳುಕಿದ ಕಾಲಿನ ಮೇಲೆ ನಾಲ್ಕು ಹೆಜ್ಜೆ ಇಡಬಲ್ಲವರಿಗೆ, ಗೊತ್ತುಪಡಿಸಿದ ಮೂಳೆಯ ಜಾಗಗಳನ್ನು ಒತ್ತಿದಾಗ ನೋವಿಲ್ಲದಿದ್ದರೆ, ಎಕ್ಸ್‌ರೇ ಬೇಡ. ತಲೆಗೆ ಪೆಟ್ಟಾದ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ ರೂಪಿಸಿದ ನಿಯಮ ಯಾವ ಮಗುವಿಗೆ ಸಿ.ಟಿ. ಬೇಡ, ಗಮನವಿಟ್ಟು ನೋಡಿಕೊಂಡರೆ ಸಾಕು ಎಂದು ಹೇಳುತ್ತದೆ. ಇಂಥ ನಿಯಮವನ್ನು ಪಾಲಿಸಿ, ಅದನ್ನು ಕೇಸ್ ಶೀಟಿನಲ್ಲಿ ಬರೆದಿಟ್ಟ ವೈದ್ಯರ ನಿಲುವು ಕಾರಣವಿಲ್ಲದೆ ಸ್ಕ್ಯಾನ್ ಬರೆದವರಿಗಿಂತ ಗಟ್ಟಿ. ಕಮಿಷನ್ನಿನ ಮಾತೂ ಇಲ್ಲಿ ಬರಬೇಕು: ರೋಗಿಯನ್ನು ಕಳಿಸಿದ್ದಕ್ಕೆ ಹಣ ಪಡೆಯುವುದನ್ನು ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿ ನಿಷೇಧಿಸಿದೆ. ಇಂಥ ಸೆಂಟರಿಗೇ ಹೋಗಬೇಕೆಂದು ಯಾರಾದರೂ ಒತ್ತಾಯಿಸಿದರೆ ಏಕೆಂದು ಕೇಳುವ ಹಕ್ಕು ರೋಗಿಗಿದೆ.

ವಿಕಿರಣದ ಬಗ್ಗೆ ನಮ್ಮಲ್ಲಿ ಒಂದು ಕಡೆ ಅಸಡ್ಡೆ, ಇನ್ನೊಂದು ಕಡೆ ವಿಪರೀತ ಭಯ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್‌ನಷ್ಟು ವಿಕಿರಣ ತಾನಾಗಿಯೇ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇ ಅದರ ಮುಂದೆ ತೀರ ಸಣ್ಣದು, ಹೆಚ್ಚೆಂದರೆ 0.1 ಮಿಲಿಸೀವರ್ಟ್. ಹೊಟ್ಟೆಯ ಒಂದು ಸಿ.ಟಿ. ಮಾತ್ರ ಎಂಟರಿಂದ ಹತ್ತು ಮಿಲಿಸೀವರ್ಟ್, ಅಂದರೆ ಮೂರು ನಾಲ್ಕು ವರ್ಷಗಳ ಪಾಲು. ಯುರೋಪಿನ ಹಲವು ದೇಶಗಳ ಮಕ್ಕಳನ್ನು ಅನುಸರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಸಿ.ಟಿ. ಮಾಡಿಸಿಕೊಂಡ ಪ್ರತಿ 10,000 ಮಕ್ಕಳಲ್ಲಿ ಒಬ್ಬರು ಅಥವಾ ಇಬ್ಬರಿಗೆ ಮುಂದಿನ ಹನ್ನೆರಡು ವರ್ಷಗಳಲ್ಲಿ ಅದರ ಕಾರಣದಿಂದ ರಕ್ತದ ಕ್ಯಾನ್ಸರ್ ಬರಬಹುದು. ಸುಮ್ಮನೆ ಮಾಡಿಸುವ ಸಿ.ಟಿ.ಗೆ ಇದು ದೊಡ್ಡ ಬೆಲೆ; ಅಪಘಾತದಲ್ಲಿ ತಲೆ ಒಡೆದು ಪ್ರಜ್ಞೆ ತಪ್ಪುತ್ತಿರುವ ಮಗುವಿಗೆ ಇದು ಲೆಕ್ಕಕ್ಕೇ ಇಲ್ಲ. ಗರ್ಭಿಣಿಗೆ ನ್ಯುಮೋನಿಯಾ ಅನುಮಾನವಿದ್ದಾಗ ಎದೆಯ ಎಕ್ಸ್‌ರೇ ನಿರಾಕರಿಸುವುದೂ ತಪ್ಪು, ಅದರಿಂದ ಮಗುವಿಗೆ ತಲುಪುವ ವಿಕಿರಣ ಅತ್ಯಲ್ಪ. ಹೊಟ್ಟೆಯ ತೊಂದರೆಗೆ ಆಕೆಗೆ ಮೊದಲ ಆಯ್ಕೆ ಅಲ್ಟ್ರಾಸೌಂಡ್, ಆಮೇಲೆ ಕಾಂಟ್ರಾಸ್ಟ್ (ಚಿತ್ರ ನಿಚ್ಚಳವಾಗಲೆಂದು ಕೊಡುವ ಇಂಜೆಕ್ಷನ್) ಇಲ್ಲದ ಎಂಆರ್‌ಐ. ಗರ್ಭಿಣಿಯ ಅಲ್ಟ್ರಾಸೌಂಡಿಗೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ‘ಎಫ್’ ನಮೂನೆ ತುಂಬಿಸಿಕೊಳ್ಳುತ್ತಾರೆ. ಗುರುತಿನ ಚೀಟಿ, ವೈದ್ಯರ ಚೀಟಿ ಎರಡೂ ಜೊತೆಗಿದ್ದರೆ ತಡವಾಗುವುದಿಲ್ಲ.

‘ಇದೆಲ್ಲ ಬೆಂಗಳೂರಿನವರಿಗೆ ಸರಿ, ನಮ್ಮ ತಾಲ್ಲೂಕಿನಲ್ಲಿ ಎಂಆರ್‌ಐ ಎಲ್ಲಿದೆ?’ ಎಂದು ಕೇಳುವವರಿಗೆ ಈ ವಾದ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ವಾರ ಮೀರಿದ ಕೆಮ್ಮು, ಮುರಿದ ಕೈ, ಪಿತ್ತಕೋಶ, ಕಿಡ್ನಿ, ಗರ್ಭಕೋಶದ ಬಹುಪಾಲು ಪ್ರಶ್ನೆಗಳು ಎಕ್ಸ್‌ರೇ, ಅಲ್ಟ್ರಾಸೌಂಡುಗಳಲ್ಲಿಯೇ ಒಂದು ನೆಲೆಗೆ ಬರುತ್ತವೆ. ಟಿಬಿಗಂತೂ ಎದೆಯ ಎಕ್ಸ್‌ರೇ ಅನುಮಾನವನ್ನು ಗಟ್ಟಿಗೊಳಿಸುತ್ತದೆ, ಖಚಿತಪಡಿಸುವುದು ಕಫದ ಪರೀಕ್ಷೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಅರವತ್ತು ದಾಟಿದವರ ಮಂಡಿ ಸವೆತಕ್ಕೆ ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಸಾಕು. ಜಿಲ್ಲಾ ಕೇಂದ್ರಕ್ಕೆ ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬೇಕಾದ ಮನೆಯವರಿಗೆ ಆ ಪ್ರಯಾಣ ಯಾವಾಗ ಅಗತ್ಯ, ಯಾವಾಗ ಅಲ್ಲ ಎಂದು ತಿಳಿಯುವುದು ಸಣ್ಣ ಸಂಗತಿಯಲ್ಲ.

ಹಾಗಾದರೆ ವೈದ್ಯರ ಮುಂದೆ ಕೂತಾಗ ಏನು ಕೇಳಬೇಕು? ‘ಡಾಕ್ಟ್ರೇ, ನಿಮಗೆ ಯಾವ ಕಾಯಿಲೆಯ ಅನುಮಾನ? ಸ್ಕ್ಯಾನಿಂಗ್‌ನಲ್ಲಿ ಅದು ಇದ್ದರೆ ಏನು ಮಾಡ್ತೀರಿ, ಇಲ್ಲದಿದ್ದರೆ ಏನು ಮಾಡ್ತೀರಿ?’ ಎರಡಕ್ಕೂ ಒಂದೇ ಉತ್ತರ ಬಂದರೆ, ಆ ಸ್ಕ್ಯಾನ್ ಸದ್ಯಕ್ಕೆ ಬೇಡವೇನೋ ಎಂದು ವಿನಯದಿಂದಲೇ ವಿಚಾರಿಸಬಹುದು. ಚೀಟಿಯಲ್ಲಿ ‘ಸಿ.ಟಿ. ಹೊಟ್ಟೆ’ ಎಂದಷ್ಟೇ ಬರೆಯದೆ, ‘ಮೂರು ದಿನದಿಂದ ಬಲಗಡೆ ಕೆಳಹೊಟ್ಟೆ ನೋವು, ಜ್ವರ, ಅಪೆಂಡಿಸೈಟಿಸ್ ಅನುಮಾನ’ ಎಂದು ಬರೆಸಿಕೊಳ್ಳಿ. ರೇಡಿಯಾಲಜಿಸ್ಟ್ ಆ ಒಂದು ಸಾಲು ಓದಿ, ಕಾಂಟ್ರಾಸ್ಟ್ ಬೇಕೋ ಬೇಡವೋ, ಯಾವ ಪದರವನ್ನು ಗಮನಿಸಬೇಕು, ಬೇರೆ ಪರೀಕ್ಷೆಯೇ ಮೇಲೋ ಎಂದು ನಿರ್ಧರಿಸುತ್ತಾರೆ. ಹಳೆಯ ಫಿಲಂಗಳನ್ನು ತಪ್ಪದೆ ಒಯ್ಯಿರಿ. ಶ್ವಾಸಕೋಶದಲ್ಲಿ ಕಂಡ ಸಣ್ಣ ಚುಕ್ಕೆ ಹಲವು ವರ್ಷ ಹಿಂದಿನ ಚಿತ್ರದಲ್ಲೂ ಹಾಗೆಯೇ ಇದ್ದರೆ ಅರ್ಧ ಆತಂಕ ಅಲ್ಲಿಯೇ ಮುಗಿಯುತ್ತದೆ. ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಾದರೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ, ಅಲರ್ಜಿ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಎಂಆರ್‌ಐ ಕೋಣೆಗೆ ಹೋಗುವ ಮೊದಲು ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮಿದುಳಿನ ರಕ್ತನಾಳದ ಕ್ಲಿಪ್ ಬಗ್ಗೆ ತಿಳಿಸಲೇಬೇಕು. ಲೇತ್, ಗ್ರೈಂಡಿಂಗ್ ಕೆಲಸ ಮಾಡುವವರು ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತೇ ಎಂಬುದನ್ನು ನೆನಪಿಸಿಕೊಂಡು ಹೇಳಬೇಕು. ಕಾಂತಕ್ಷೇತ್ರದಲ್ಲಿ ಆ ಚೂರು ಚಲಿಸಿ ಕಣ್ಣಿಗೆ ಹಾನಿ ಮಾಡಬಹುದು.

ರಿಪೋರ್ಟ್ ಬಂದ ಮೇಲೂ ಮೊದಲಿನ ಪ್ರಶ್ನೆಯನ್ನು ಕೈಬಿಡಬಾರದು. ಹುಡುಕಿದ ಕಾಯಿಲೆ ಬಿಟ್ಟು ಬೇರೇನೋ ಕಂಡಿದ್ದರೆ, ಉದಾಹರಣೆಗೆ ಕಿಡ್ನಿಯಲ್ಲೊಂದು ಸರಳ ನೀರುಗುಳ್ಳೆ, ಅದಕ್ಕೆ ಮುಂದೆ ಮತ್ತೆ ಪರೀಕ್ಷೆ ಬೇಕೇ ಎಂದು ಕೇಳಿ. ಬಹಳ ಸಲ ಬೇಡ. ಹುಡುಕಿದ್ದು ಕಾಣಲಿಲ್ಲ, ಲಕ್ಷಣ ಮಾತ್ರ ಹಾಗೆಯೇ ಉಳಿದಿದೆ ಎಂದರೆ ‘ನಾರ್ಮಲ್’ ಎಂಬ ಪದಕ್ಕೆ ಸಮಾಧಾನಪಟ್ಟು ಮನೆಗೆ ಹೋಗಬಾರದು. ಬೈಕಿನಿಂದ ಬಿದ್ದು ಅಂಗೈ ಊರಿದವರಿಗೆ ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದರೆ ನೋವಿದ್ದು, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ, ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಬಿರುಕು ಬಿಟ್ಟಿರುವ ಸಾಧ್ಯತೆ ಉಳಿದೇ ಇರುತ್ತದೆ. ಆ ಮೂಳೆಗೆ ರಕ್ತ ಹರಿಯುವ ದಾರಿ ಕಿರಿದು, ಬಿರುಕನ್ನು ಅಲಕ್ಷಿಸಿದರೆ ಒಂದು ತುಂಡು ಸತ್ತು ಮಣಿಕಟ್ಟು ಜೀವನಪೂರ್ತಿ ನೋಯಬಹುದು. ಅದಕ್ಕೇ ಪಟ್ಟಿ ಕಟ್ಟಿ, ಹತ್ತರಿಂದ ಹದಿನಾಲ್ಕು ದಿನಗಳ ನಂತರ ಮತ್ತೆ ಎಕ್ಸ್‌ರೇ ತೆಗೆಸಲು ವೈದ್ಯರು ಹೇಳುತ್ತಾರೆ. ಅಷ್ಟು ದಿನ ಕೆಲಸ ಬಿಡಲಾಗದವರಿಗೆ, ಕೂಡಲೇ ಗೊತ್ತಾಗಲೇಬೇಕಾದವರಿಗೆ ಆಗಲೇ ಎಂಆರ್‌ಐ ಬರೆಯುತ್ತಾರೆ.